ಇಗರ್ಜಿ ಗೊತ್ತು, ಫಿರ್ಗಜ್ ಅಂದರೇನು?

ಮಂಗಳೂರು ಕಡೆಯ ಇಬ್ಬರು ಕೊಂಕಣಿ ಕ್ರೈಸ್ತರು ಮುಂಬಯಿಯಲ್ಲಿ ಸಿಗಲಿ, ಕುವೈತಿನಲ್ಲಿ ಸಿಗಲಿ, ಹೆಸರು ಕೇಳಿದ ಬೆನ್ನಿಗೇ ಬರುವ ಪ್ರಶ್ನೆ: 'ತುಮ್ಚಿ ಫಿರ್ಗಜ್ ಖಂಚಿ?' ಊರು ಯಾವುದು ಎಂದಲ್ಲ, ಫಿರ್ಗಜ್ ಯಾವುದು ಎಂದು. ಇಂಗ್ಲಿಷಿನ ಪ್ಯಾರಿಷ್‌ಗೆ ಕರಾವಳಿಯ ಕೊಂಕಣಿಯಲ್ಲಿರುವ ಹೆಸರು ಇದು. ಕನ್ನಡದ ಕಥೋಲಿಕರು 'ಧರ್ಮಕೇಂದ್ರ' ಎನ್ನುತ್ತಾರೆ. ಸರಿಯಾದ ಪದವೇ, ಆದರೆ ಸುತ್ತೋಲೆಯ ವಾಸನೆ ಸ್ವಲ್ಪ ಹೆಚ್ಚು.

ಇಗರ್ಜಿ ಎಂದರೆ ಚರ್ಚಿನ ಕಟ್ಟಡ. ಫಿರ್ಗಜ್ ಎಂದರೆ ಆ ಕಟ್ಟಡಕ್ಕೆ ಸೇರಿದ ಮನೆಗಳು, ಅವುಗಳ ಗಡಿ, ಅವರ ಹುಟ್ಟು-ಮದುವೆ-ಸಾವುಗಳ ಲೆಕ್ಕ. ಎರಡೂ ಪೋರ್ಚುಗೀಸರ ಹಡಗಿನಲ್ಲಿ ಬಂದ ಪದಗಳು. ಇಗರ್ಜಿಯ ಮೂಲ 'ಇಗ್ರೇಜ'. ಅದರ ಹಿಂದೆ ಲ್ಯಾಟಿನ್ನಿನ 'ಎಕ್ಲೇಸಿಯ', ಇನ್ನೂ ಹಿಂದೆ ಅಥೆನ್ಸಿನ ನಾಗರಿಕರು ಸೇರುತ್ತಿದ್ದ ಸಭೆಯ ಗ್ರೀಕ್ ಹೆಸರು. ಪ್ರಾಟೆಸ್ಟೆಂಟರು ಕನ್ನಡದಲ್ಲಿ 'ಸಭೆ' ಎನ್ನುವುದು ಈ ಹಳೆಯ ಅರ್ಥಕ್ಕೇ ಹತ್ತಿರ.

ಫಿರ್ಗಜ್‌ನ ಮೂಲ 'ಫ್ರೆಗೆಸಿಯ', ಅಂದರೆ 'ಫ್ರೆಗೇಸ್'ಗಳ ಒಕ್ಕಲು. ಈ ಫ್ರೆಗೇಸ್ 'ಸಭೆಯ ಮಗ' ಎಂಬ ಅರ್ಥದ ಲ್ಯಾಟಿನ್ ಮಾತು ಸವೆದು ಆದದ್ದು. ಇವತ್ತಿನ ಪೋರ್ಚುಗೀಸಿನಲ್ಲಿ ಅಂಗಡಿಯ ಗಿರಾಕಿಗೂ ಅದೇ ಪದ! ಮಗ ಗಿರಾಕಿಯಾದ ಈ ಕಥೆಯನ್ನು ಪಾದ್ರಿಗಳ ಎದುರು ಹೇಳಬೇಡಿ. ಪೋರ್ಚುಗಲ್‌ನಲ್ಲಿ ಸರ್ಕಾರಿ ಆಡಳಿತದ ಅತಿ ಚಿಕ್ಕ ಘಟಕಕ್ಕೆ ಇಂದಿಗೂ ಫ್ರೆಗೆಸಿಯ ಎಂದೇ ಹೆಸರು, ನಮ್ಮ ಪಂಚಾಯಿತಿಯ ಹಾಗೆ.

ಹಾಗಾದರೆ ಇಗರ್ಜಿಯ ಹಾಗೆ ಕಾಣುವುದೆಲ್ಲ ಫಿರ್ಗಜ್‌ನ ಇಗರ್ಜಿಯೆ? ಅಲ್ಲ. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್ ನೋಡಿ. ಇಟಲಿಯ ಅಂತೋನಿಯೊ ಮೊಸ್ಕೇನಿ ಬಿಡಿಸಿದ ಚಿತ್ರಗಳು ಗೋಡೆ, ಚಾವಣಿಯನ್ನೆಲ್ಲ ತುಂಬಿವೆ. ಪ್ರವಾಸಿಗಳು ಕತ್ತು ನೋಯುವಷ್ಟು ಹೊತ್ತು ಮೇಲೆ ನೋಡುತ್ತಾರೆ. ಆದರೂ ಅದು ಕಾಲೇಜಿನ 'ಕೊಪೆಲ್', ಅಂದರೆ ಪ್ರಾರ್ಥನಾ ಮಂದಿರ ಮಾತ್ರ, ಅದಕ್ಕೆ ಒಕ್ಕಲಿಲ್ಲ. ಅದೇ ಊರಿನಲ್ಲಿ 1568ರಲ್ಲಿ ಪೋರ್ಚುಗೀಸರು ಆರಂಭಿಸಿದ ರೊಸಾರಿಯೊ ಇಗರ್ಜಿಗೆ ಒಕ್ಕಲೂ ಉಂಟು, ಬಿಷಪರ ಪೀಠವೂ ಉಂಟು. ಹಾಗಾಗಿ ಅದು ಫಿರ್ಗಜ್ ಇಗರ್ಜಿಯೂ ಹೌದು, ಕೆಥೆಡ್ರಲ್ಲೂ ಹೌದು.

ಫಿರ್ಗಜ್‌ನ ಗುರುತು ಕಟ್ಟಡದಲ್ಲಿ ಬೇರೆ ಕಡೆ ಇರುತ್ತದೆ. ದೀಕ್ಷಾಸ್ನಾನದ ಕಲ್ಲುತೊಟ್ಟಿಯನ್ನು ಹಳೆಯ ಇಗರ್ಜಿಗಳಲ್ಲಿ ಸಾಮಾನ್ಯವಾಗಿ ಬಾಗಿಲ ಹತ್ತಿರವೇ ಇಡುತ್ತಿದ್ದರು, ಮಗು ಸಭೆಯ ಒಳಗೆ ಬರುವುದು ಅಲ್ಲಿಂದ ಎಂದು. ಹೊರಗೆ, ಗೋಡೆಯಾಚೆ, ಸಮಾಧಿಗಳು. ನಡುವೆ ಜನ ಕೂರುವ ಉದ್ದನೆಯ ಅಂಕಣ. ಇಂಗ್ಲಿಷಿನಲ್ಲಿ ಇದು 'ನೇವ್', ಲ್ಯಾಟಿನ್ನಿನಲ್ಲಿ ಹಡಗು ಎನ್ನುವ 'ನಾವಿಸ್'. ನಮ್ಮ 'ನಾವೆ' ಅದರ ದೂರದ ನೆಂಟ. ಮರದ ತೊಲೆಗಳ ಮಾಡನ್ನು ಒಳಗಿನಿಂದ ನೋಡಿ, ಮಗುಚಿಟ್ಟ ದೋಣಿಯ ಹಾಗೇ ಕಾಣುತ್ತದೆ.

ಕರಾವಳಿಯ ಹಳೆಯ ಇಗರ್ಜಿಯನ್ನು ಎದುರಿನಿಂದ ನೋಡಿದರೆ ಯೂರೋಪು: ಎತ್ತರದ ಬಿಳಿ ಮುಖ, ಗಂಟೆ ಗೋಪುರ. ಪಕ್ಕಕ್ಕೆ ಹೋದರೆ ನಮ್ಮೂರು. ಮುರಕಲ್ಲಿನ ಗೋಡೆ, ಮೇಲೆ ಸುಣ್ಣದ ಗಾರೆ, ಹೆಂಚಿನ ಮಾಡು, ಮಳೆಗೆ ಕಪ್ಪಾದ ಪಾಚಿ. ಆ ಹೆಂಚಿನಲ್ಲೊಂದು ತಮಾಷೆ ಇದೆ. 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದವರು ಪ್ರಾಟೆಸ್ಟೆಂಟರಾದ ಬಾಸೆಲ್ ಮಿಷನ್ನವರು. ಕಥೋಲಿಕರ ತಲೆ ನೆನೆಯದಂತೆ ಕಾಯ್ದದ್ದು ಆ ಕಾರ್ಖಾನೆ ಇಲ್ಲಿ ರೂಢಿಗೆ ತಂದ ಹೆಂಚು.

ಒಳಾಡಳಿತದ ಪದಗಳಲ್ಲೂ ಇದೇ ಬೆರಕೆ. ಪಾದ್ರಿ 'ವಿಗಾರ್', ಹಬ್ಬ 'ಫೆಸ್ತ್', ಶಿಲುಬೆ 'ಖುರಿಸ್', ಎಲ್ಲ ಪೋರ್ಚುಗೀಸ್. ಆದರೆ ಫಿರ್ಗಜ್‌ನ ವಾಡೆಗಳನ್ನು, ಅಂದರೆ ಕೇರಿಗಳನ್ನು, ನೋಡಿಕೊಳ್ಳುವವನು 'ಗುರ್ಕಾರ್', ಅಂದರೆ ನಮ್ಮ ಗುರಿಕಾರ. ಆಚರಣೆಯಲ್ಲೂ ಹಾಗೆಯೇ: ಮೇರಿ ಮಾತೆಯ ಹುಟ್ಟುಹಬ್ಬವಾದ ಸೆಪ್ಟೆಂಬರ್ 8ರ ತೆನೆ ಹಬ್ಬದಂದು ಆಶೀರ್ವದಿಸಿದ ಹೊಸ ತೆನೆ ಮನೆಮನೆಗೂ ತಲುಪುತ್ತದೆ. ಅದನ್ನು ಹಾಲಿಗೋ ಪಾಯಸಕ್ಕೋ ಹಾಕಿ ಮನೆಮಂದಿಯೆಲ್ಲ ಕುಡಿಯುತ್ತಾರೆ.

ಫಿರ್ಗಜ್‌ಗಳ ಗಡಿ ಬಿಗಿಯಾದದ್ದು ಕಥೋಲಿಕ ಬಿಷಪರು ಯೂರೋಪಿನ ಟ್ರೆಂಟ್ ಊರಿನಲ್ಲಿ ಸೇರಿದ ಮಹಾಸಭೆಯಿಂದ. ಮದುವೆಗೆ ಮುಂಚೆ ಮೂರು ಬಾರಿ ಇಗರ್ಜಿಯಲ್ಲಿ ಪ್ರಕಟಣೆ ಓದಬೇಕು, ಫಿರ್ಗಜ್‌ನ ಪಾದ್ರಿಯೇ ಪುಸ್ತಕದಲ್ಲಿ ದಾಖಲಿಸಬೇಕು ಎಂದು 1563ರಲ್ಲಿ ಅದು ಕಟ್ಟಳೆ ಮಾಡಿತು. ಗುಟ್ಟಿನ ಮದುವೆಗಳ ಕಾಟ ಅಷ್ಟಿತ್ತು.

ಆ ಪುಸ್ತಕಗಳು ಇಂದಿಗೂ ನಡೆಯುತ್ತಿವೆ. ಬಹರೇನಿನಲ್ಲಿ ಮದುವೆಯಾದರೂ ಆ ಸುದ್ದಿ ದೀಕ್ಷಾಸ್ನಾನವಾದ ಫಿರ್ಗಜ್‌ಗೆ ಹೋಗಿ, ಅಲ್ಲಿನ ಹಳೆಯ ಪುಸ್ತಕದಲ್ಲಿ ಅದೇ ಹೆಸರಿನ ಎದುರು ದಾಖಲಾಗಬೇಕು ಎನ್ನುತ್ತದೆ ಧರ್ಮಸಭೆಯ ಕಾನೂನು. ಅಂದ ಹಾಗೆ, ಪ್ಯಾರಿಷ್ ಎಂಬ ಪದ ಹುಟ್ಟಿದ್ದು ಗ್ರೀಕಿನ 'ಪರೋಯಿಕಿಯ'ದಿಂದ. ಅದರ ಅರ್ಥ ಪರವೂರಿನ ವಾಸ.