ಐದು ವರ್ಷ ಮುಂದೂಡಿದರೆ ಸಾಕು

ಡಿಮೆನ್ಷಿಯಾ, ಅಂದರೆ ನೆನಪು, ಬುದ್ಧಿ ಕುಸಿಯುತ್ತಾ ಹೋಗುವ ಕಾಯಿಲೆಯ ಬಗ್ಗೆ ಮಾತು ಬಂದರೆ ಎಲ್ಲರೂ ಕೇಳುವುದು ಒಂದೇ, "ಇದಕ್ಕೆ ಔಷಧ ಬಂತಾ?" ನನಗೆ ಇನ್ನೊಂದು ಪ್ರಶ್ನೆ ಹೆಚ್ಚು ಇಷ್ಟ. ಈ ಕಾಯಿಲೆಯನ್ನು ಐದು ವರ್ಷ ಮುಂದೂಡಿದರೆ ಏನಾಗುತ್ತದೆ? ಗುಣಪಡಿಸುವುದು ಬೇಡ, ಬರದಂತೆ ತಡೆಯುವುದೂ ಬೇಡ. ಸುಮ್ನೆ ಐದು ವರ್ಷ ತಡವಾಗಿ ಬಂದರೆ? ರೋಗಿಗಳ ಸಂಖ್ಯೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ!

ಇದು ಮ್ಯಾಜಿಕ್ ಅಲ್ಲ, ಲೆಕ್ಕ. 65 ದಾಟಿದ ಮೇಲೆ ಡಿಮೆನ್ಷಿಯಾ ಬರುವ ಸಾಧ್ಯತೆ ಸುಮಾರು ಐದು ವರ್ಷಕ್ಕೊಮ್ಮೆ ಎರಡು ಪಟ್ಟಾಗುತ್ತದೆ. ಒಂದು ಉದಾಹರಣೆ ಇಟ್ಟುಕೊಳ್ಳೋಣ. 70ರ ಪ್ರಾಯದ ಸಾವಿರ ಜನರಲ್ಲಿ ವರ್ಷಕ್ಕೆ 10 ಮಂದಿಗೆ ಶುರುವಾಗುತ್ತದೆ ಎಂದರೆ 75ರವರಲ್ಲಿ 20, 80ರವರಲ್ಲಿ 40, 85ರವರಲ್ಲಿ 80. ಈಗ ಇಡೀ ಪಟ್ಟಿಯನ್ನು ಐದು ವರ್ಷ ಮುಂದಕ್ಕೆ ತಳ್ಳಿ. 75ರವರಿಗೆ 70ರವರ ಲೆಕ್ಕ ಬರುತ್ತದೆ, ಅಂದರೆ 20ರ ಬದಲು 10. 80ರವರಿಗೆ 40ರ ಬದಲು 20. ಯಾವ ವಯಸ್ಸು ತೆಗೆದುಕೊಂಡರೂ ಅರ್ಧ. ಉಳಿದವರು ಎಲ್ಲಿ ಹೋದರು ಅಂತೀರಾ? ಅವರಲ್ಲಿ ಬಹಳ ಮಂದಿ ಬೇರೆ ಯಾವುದೋ ಕಾರಣಕ್ಕೆ ತೀರಿಕೊಳ್ಳುತ್ತಾರೆ, ಮೊಮ್ಮಕ್ಕಳ ಹೆಸರು ನೆನಪಿರುವಾಗಲೇ. ಕೇಳಲು ಒರಟು, ಆದರೆ ಆ ಮನೆಯವರನ್ನು ಕೇಳಿದರೆ ಇದೇ ವಾಸಿ ಅನ್ನುತ್ತಾರೆ.

ಸರ್ಕಾರಗಳ ತಲೆನೋವು ಇಲ್ಲಿಂದಲೇ ಶುರು. ಭಾರತದಲ್ಲಿ 60 ದಾಟಿದವರಲ್ಲಿ ಶೇ. 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆ ಎಂದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನ ಅಂದಾಜು ಮಾಡಿತು. 2036ಕ್ಕೆ ಇದು 1.7 ಕೋಟಿಯ ಹತ್ತಿರ ಹೋಗಬಹುದು. "ಪೇಟೆಯವರ ಟೆನ್ಷನ್ ಕಾಯಿಲೆ, ಹಳ್ಳಿಯಲ್ಲಿ ಇವೆಲ್ಲ ಇಲ್ಲ" ಅನ್ನುವವರು ಇನ್ನೊಂದು ಅಂಕಿ ನೋಡಬೇಕು. ಅದೇ ಅಧ್ಯಯನದ ಪ್ರಕಾರ ಹಳ್ಳಿಗಳಲ್ಲಿ ಶೇ. 8.4, ಪೇಟೆಗಳಲ್ಲಿ ಶೇ. 5.3. ಹೆಂಗಸರಲ್ಲಿ ಗಂಡಸರಿಗಿಂತ ಜಾಸ್ತಿ. ಯಾಕೆ ಅನ್ನುವುದಕ್ಕೆ ಆಮೇಲೆ ಬರುತ್ತೇನೆ.

"ಅರವತ್ತಕ್ಕೆ ಅರಳು ಮರಳು" ಎಂದು ನಾವು ಕೈ ಚೆಲ್ಲುತ್ತೇವಲ್ಲ, ಅದಕ್ಕೆ ಹಳ್ಳಿಯವರನ್ನು ಬೈದು ಪ್ರಯೋಜನವಿಲ್ಲ. ಜಗತ್ತಿನ ದೊಡ್ಡ ದೊಡ್ಡ ವೈದ್ಯರೇ ಬಹಳ ಕಾಲ ಹಾಗೇ ನಂಬಿದ್ದರು. 1901ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ಆಸ್ಪತ್ರೆಗೆ ಆಗಸ್ಟೆ ಡೀಟರ್ ಎಂಬ ಹೆಂಗಸನ್ನು ಸೇರಿಸಿದರು. ಆಗ ಆಕೆಗೆ 51 ವರ್ಷ. 1906ರಲ್ಲಿ ಆಕೆ ತೀರಿಕೊಂಡ ಮೇಲೆ ವೈದ್ಯ ಆಲೋಯಿಸ್ ಅಲ್ಝೈಮರ್ ಆಕೆಯ ಮಿದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಗಂಟುಗಳನ್ನೂ ಕಲೆಗಳನ್ನೂ ಕಂಡರು. ಅದೇ ವರ್ಷ ಟ್ಯೂಬಿಂಗನ್‌ನ ಸಭೆಯಲ್ಲಿ ಅದನ್ನು ವಿವರಿಸಿದರು. 1910ರಲ್ಲಿ ಮನೋವೈದ್ಯ ಎಮಿಲ್ ಕ್ರೆಪೆಲಿನ್ ತಮ್ಮ ಪಠ್ಯಪುಸ್ತಕದಲ್ಲಿ, ಡಿಮೆನ್ಷಿಯಾ ತರುವ ರೋಗಗಳಲ್ಲಿ ಮುಖ್ಯವಾದ ಇದಕ್ಕೆ ಅಲ್ಝೈಮರ್ ಹೆಸರನ್ನೇ ಇಟ್ಟರು. ಅಲ್ಲೇ ಎಡವಟ್ಟಾಯಿತು. ಇದು ನಡುವಯಸ್ಸಿನವರಿಗೆ ಬರುವ ಅಪರೂಪದ ರೋಗ ಎಂದಾಯಿತು. ಎಂಬತ್ತರ ಅಜ್ಜಿಗೆ ಅದೇ ಲಕ್ಷಣ ಬಂದರೆ? ಅದು ಮುಪ್ಪು ಎಂದು ಬಿಟ್ಟುಬಿಟ್ಟರು. ಈ ಗೋಡೆ ಒಡೆದದ್ದು 1976ರಲ್ಲಿ. ರಾಬರ್ಟ್ ಕ್ಯಾಟ್ಜ್‌ಮನ್ ಎಂಬ ಅಮೆರಿಕದ ನರರೋಗ ತಜ್ಞ ಒಂದು ಪುಟ್ಟ ಸಂಪಾದಕೀಯ ಬರೆದು, ಎರಡೂ ಒಂದೇ ಕಾಯಿಲೆ ಎಂದು ವಾದಿಸಿದರು. ಅಪರೂಪದ ರೋಗ ರಾತ್ರೋರಾತ್ರಿ ಲಕ್ಷಾಂತರ ಜನರ ರೋಗವಾಯಿತು. ಮುಪ್ಪಿಗೆ ಬಜೆಟ್ ಕೇಳಲು ಆಗುವುದಿಲ್ಲ, ರೋಗಕ್ಕೆ ಕೇಳಬಹುದು.

ಕೇಳಿದರು ಕೂಡ. ಫ್ರಾನ್ಸ್, ನಾರ್ವೆ, ಇಂಗ್ಲೆಂಡ್, ದಕ್ಷಿಣ ಕೊರಿಯಾ ಒಂದೊಂದಾಗಿ ಯೋಜನೆ ಮಾಡಿಕೊಂಡವು. ಅಮೆರಿಕ 2011ರಲ್ಲಿ ಕಾನೂನು ತಂದು, 2025ರೊಳಗೆ ಅಲ್ಝೈಮರ್ ತಡೆಯುವ, ಪರಿಣಾಮಕಾರಿಯಾಗಿ ಚಿಕಿತ್ಸೆ ಕೊಡುವ ಗುರಿ ಇಟ್ಟುಕೊಂಡಿತು. 2025 ಬಂತು, ಹೋಯಿತು. ಲೆಕಾನೆಮ್ಯಾಬ್ ಎಂಬ ಹೊಸ ಔಷಧ ಬಂದಿದೆ ನಿಜ. ಅದು ಆರಂಭದ ಹಂತದವರಲ್ಲಿ ಒಂದೂವರೆ ವರ್ಷದ ಕುಸಿತವನ್ನು ಶೇ. 27ರಷ್ಟು ನಿಧಾನ ಮಾಡಿತು, ಅಷ್ಟೇ. ಬೆಲೆ ವಿಪರೀತ, ಮಿದುಳಿನಲ್ಲಿ ಊತ ಅಥವಾ ರಕ್ತಸ್ರಾವ ಆದೀತೆಂದು ಪದೇ ಪದೇ ಸ್ಕ್ಯಾನ್ ಬೇರೆ. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಮಾಡಿದ ಜಾಗತಿಕ ಯೋಜನೆಯೂ 2025ಕ್ಕೆ ಗುರಿ ಮುಟ್ಟಲಿಲ್ಲ. ಗಡುವನ್ನು 2031ಕ್ಕೆ ತಳ್ಳಿದ್ದಾರೆ.

ಹಾಗಾದರೆ ಐದು ವರ್ಷ ಮುಂದೂಡುವುದು ಹೇಗೆ? ಇಲ್ಲಿ ಮತ್ತೆ ಕ್ಯಾಟ್ಜ್‌ಮನ್ ಬರುತ್ತಾರೆ. 1988ರಲ್ಲಿ ಅವರ ತಂಡ ವೃದ್ಧಾಶ್ರಮದಲ್ಲಿ ತೀರಿಕೊಂಡ 137 ಜನರ ಮಿದುಳು ಪರೀಕ್ಷಿಸಿತು. ಹತ್ತು ಜನರ ಮಿದುಳಿನಲ್ಲಿ ಅಲ್ಝೈಮರ್ ಗುರುತು ಸಾಕಷ್ಟಿತ್ತು. ಆದರೆ ಬದುಕಿದ್ದಾಗ ಅವರ ಬುದ್ಧಿ ಚುರುಕಾಗಿಯೇ ಇತ್ತು! ಅವರ ಮಿದುಳು ಹೆಚ್ಚು ತೂಗುತ್ತಿತ್ತು, ನರಕೋಶಗಳೂ ಜಾಸ್ತಿ ಇದ್ದವು.

ಕೋಲಾರದ ಕೆರೆಗಳನ್ನು ನೆನೆಸಿಕೊಳ್ಳಿ. ಹೂಳು ವರ್ಷ ವರ್ಷವೂ ತುಂಬುತ್ತದೆ, ಮೇಲಿನಿಂದ ಕಾಣುವುದಿಲ್ಲ. ಎರಡು ಕೆರೆಗೆ ಒಂದೇ ಅಳತೆಯ ಹೂಳು ಬಿದ್ದರೂ, ಮೊದಲೇ ಆಳವಾಗಿ ತೋಡಿದ ಕೆರೆ ಇನ್ನೊಂದಷ್ಟು ಬೇಸಿಗೆ ನೀರು ಕೊಡುತ್ತದೆ. ಮಿದುಳೂ ಹಾಗೇ. ಅದನ್ನು ಆಳ ಮಾಡುವುದು ಶಾಲೆ, ಕೆಲಸ, ಮಾತುಕತೆ, ಜನಸಂಪರ್ಕ. ಹೂಳು ಹೆಚ್ಚಿಸುವುದು ಬಿಪಿ, ಸಕ್ಕರೆ, ಸಿಗರೇಟು, ಕೊಳಕು ಗಾಳಿ. ಮರೆವು ಕಾಣಿಸಿಕೊಳ್ಳುವ ಹೊತ್ತಿಗೆ ಹೂಳು ತುಂಬಲು ಶುರುವಾಗಿ 15–20 ವರ್ಷ ಆಗಿರುತ್ತದೆ. ಹಳ್ಳಿಯ ಹೆಂಗಸರಲ್ಲಿ ಯಾಕೆ ಜಾಸ್ತಿ ಎಂಬುದಕ್ಕೆ ಒಂದು ದೊಡ್ಡ ಕಾರಣ ಇಲ್ಲೇ ಇದೆ: ಅವರನ್ನು ಶಾಲೆಗೇ ಕಳಿಸಿರಲಿಲ್ಲ.

ಆಳ ಮಾಡಲು ಶಾಲೆ ಒಂದೇ ದಾರಿಯಲ್ಲ. ನರರೋಗ ತಜ್ಞೆ ಸುವರ್ಣಾ ಅಲ್ಲಾಡಿ ಮತ್ತು ತಂಡ ಹೈದರಾಬಾದ್‌ನಲ್ಲಿ 648 ಡಿಮೆನ್ಷಿಯಾ ರೋಗಿಗಳ ದಾಖಲೆ ನೋಡಿದರು. ಒಂದಕ್ಕಿಂತ ಹೆಚ್ಚು ಭಾಷೆ ಆಡುವವರಿಗೆ ಕಾಯಿಲೆ ನಾಲ್ಕೂವರೆ ವರ್ಷ ತಡವಾಗಿ ಬಂದಿತ್ತು, ಓದು ಬರಹ ಬಾರದವರಲ್ಲೂ ಕೂಡ. 2013ರಲ್ಲಿ ಇದು ಪ್ರಕಟವಾಯಿತು. ನಾಲ್ಕೂವರೆ! ಮೇಲಿನ ಲೆಕ್ಕಕ್ಕೆ ಎಷ್ಟು ಹತ್ತಿರ ನೋಡಿ. ಆಸ್ಪತ್ರೆಗೆ ಬಂದವರನ್ನು ಮಾತ್ರ ನೋಡಿದ ಅಧ್ಯಯನ ಇದು. ಎಲ್ಲ ಸಂಶೋಧಕರೂ ಒಪ್ಪುವುದಿಲ್ಲ. ಆದರೂ ಮನೆಯಲ್ಲಿ ತುಳು, ಬೀದಿಯಲ್ಲಿ ಕನ್ನಡ, ಅಂಗಡಿಯಲ್ಲಿ ಹಿಂದಿ ಆಡುವ ನಮ್ಮ ಮಂಗಳೂರಿನವರಿಗೆ ಇದು ಸಂತೋಷದ ಸುದ್ದಿ ಅಲ್ವಾ?

ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ 2024ರಲ್ಲಿ ಇಂಥ 14 ಅಂಶಗಳನ್ನು ಗುರುತಿಸಿತು. ಅವೆಲ್ಲವನ್ನೂ ಸರಿಪಡಿಸಿದರೆ ಶೇ. 45ರಷ್ಟು ಡಿಮೆನ್ಷಿಯಾವನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂಬುದು ಅದರ ಅಂದಾಜು. ಕಿವಿ ಕೇಳಿಸದಿರುವುದು ಮತ್ತು ಕೆಟ್ಟ ಕೊಲೆಸ್ಟ್ರಾಲ್ ಪಟ್ಟಿಯ ಮೇಲ್ತುದಿಯಲ್ಲಿವೆ. ನನ್ನನ್ನು ಕೇಳಿದರೆ, ಡಿಮೆನ್ಷಿಯಾ ಯೋಜನೆಯ ಅರ್ಧ ಭಾಗ ನರರೋಗ ವಿಭಾಗದ ಹೊರಗೇ ಇರಬೇಕು. 45ರ ಪ್ರಾಯದವರ ಬಿಪಿ ಮಾತ್ರೆ ತಪ್ಪದಂತೆ ನೋಡುವ ಆಶಾ ಕಾರ್ಯಕರ್ತೆಯರು ಬೇಕು. ಹಳ್ಳಿಗೆ ಶ್ರವಣ ಯಂತ್ರ ತಲುಪಬೇಕು. ಮೈಸೂರಿನ ವಾಕ್ ಶ್ರವಣ ಸಂಸ್ಥೆಯಂಥದ್ದನ್ನು ಇಟ್ಟುಕೊಂಡ ರಾಜ್ಯ ನಮ್ಮದು.

ಕರ್ನಾಟಕ ಈ ದಾರಿಯಲ್ಲಿ ಸ್ವಲ್ಪ ಮುಂದಿದೆ. 2022ರಲ್ಲಿ ರಾಜ್ಯ ಸರ್ಕಾರ ನಿಮ್ಹಾನ್ಸ್ ಜತೆ ಸೇರಿ ಕರ್ನಾಟಕ ಬ್ರೈನ್ ಹೆಲ್ತ್ ಇನಿಷಿಯೇಟಿವ್ ಶುರು ಮಾಡಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತರಬೇತಿ, ಆಸ್ಪತ್ರೆಗಳಲ್ಲಿ ಮಿದುಳು ಆರೋಗ್ಯ ಕ್ಲಿನಿಕ್. ಇದರ ಹಿಂದೆ ಕೆಲಸ ಮಾಡಿದವರಲ್ಲಿ ಹೈದರಾಬಾದ್‌ನಿಂದ ನಿಮ್ಹಾನ್ಸ್‌ಗೆ ಬಂದ ಅದೇ ಸುವರ್ಣಾ ಅಲ್ಲಾಡಿ ಕೂಡ ಇದ್ದಾರೆ. ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ, ಬೆಂಗಳೂರಿನ ಐಐಎಸ್‌ಸಿ ಆವರಣದ ಮಿದುಳು ಸಂಶೋಧನಾ ಕೇಂದ್ರ 45 ದಾಟಿದವರನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡುತ್ತಿದೆ. ಇಂಥ ಊರುಗಳಲ್ಲಿ ಪರೀಕ್ಷೆ ಮಾಡುವುದೇ ಒಂದು ಕಲೆ. ಶಾಲೆ ಮೆಟ್ಟಿಲು ಹತ್ತದ ಅಜ್ಜಿಗೆ "ನೂರರಿಂದ ಏಳೇಳು ಕಳೆಯುತ್ತಾ ಹೋಗಿ" ಎಂದರೆ ಆಕೆ ಸೋಲುವುದು ಲೆಕ್ಕದಲ್ಲಿ, ನೆನಪಿನಲ್ಲಲ್ಲ. ಅದಕ್ಕೇ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಕನ್ನಡವೂ ಸೇರಿ ಐದು ಭಾಷೆಗಳಲ್ಲಿ ಪರೀಕ್ಷೆಗಳನ್ನು ಸಿದ್ಧಪಡಿಸಿದೆ.

ಪರೀಕ್ಷೆಗೆ ಬಂದರೆ ತಾನೇ? "ಯಾರೋ ನನ್ನ ಸರ ಕದ್ದರು", "ಗೋಡೆ ಹತ್ತಿರ ಯಾರೋ ನಿಂತಿದ್ದಾರೆ" ಎಂದು ಅಜ್ಜಿ ಹೇಳಿದರೆ ಗಾಳಿ ಸೋಕಿದೆ ಎಂದು ಅಂತ್ರ ಕಟ್ಟಿಸುವವರು ಇನ್ನೂ ಇದ್ದಾರೆ. ಓದಿದವರು ಟೀವಿ ನೋಡಿ ನೆನಪಿನ ಟಾನಿಕ್ ತರಿಸುತ್ತಾರೆ, ವ್ಯತ್ಯಾಸ ಅಷ್ಟೇ. ನನಗೆ ಸಿಟ್ಟು ಬರುವುದು ಇಲ್ಲಿ. ಬಿ12 ಕೊರತೆ, ಥೈರಾಯ್ಡ್, ಬಿದ್ದು ತಲೆಯೊಳಗೆ ಹೆಪ್ಪುಗಟ್ಟಿದ ರಕ್ತ, ಇವೂ ಡಿಮೆನ್ಷಿಯಾದ ಹಾಗೇ ಕಾಣುತ್ತವೆ. ಬೇಗ ಗೊತ್ತಾದರೆ ಇವಕ್ಕೆ ಚಿಕಿತ್ಸೆ ಇದೆ. ಒಂದು ರಕ್ತ ಪರೀಕ್ಷೆ, ಒಂದು ಸ್ಕ್ಯಾನ್‌ನಲ್ಲಿ ತಿಳಿಯುವುದನ್ನು ತಾಯತದಲ್ಲಿ ಕಳೆದುಕೊಳ್ಳುತ್ತೇವೆ.

ಎಷ್ಟೇ ಮುಂದೂಡಿದರೂ ಕೆಲವರಿಗೆ ಬಂದೇ ಬರುತ್ತದೆ. ಅವರನ್ನು ನೋಡಿಕೊಳ್ಳುವವರು ಯಾರು? ಜಪಾನ್ 2000ದಲ್ಲೇ ದೀರ್ಘಕಾಲದ ಆರೈಕೆಗೆ ವಿಮೆ ತಂದಿತು. 40 ತುಂಬಿದ ಎಲ್ಲರೂ ಕಂತು ಕಟ್ಟುತ್ತಾರೆ. 2005ರಿಂದ ಬ್ಯಾಂಕಿನವರು, ಅಂಗಡಿಯವರು, ಶಾಲೆ ಮಕ್ಕಳಿಗೆಲ್ಲ ಡಿಮೆನ್ಷಿಯಾ ಇರುವವರ ಜತೆ ಹೇಗೆ ನಡೆದುಕೊಳ್ಳಬೇಕು ಎಂದು ಪುಟ್ಟ ತರಬೇತಿ ಕೊಡುತ್ತಾ ಬಂದಿದ್ದಾರೆ, ಒಂದು ಕೋಟಿಗೂ ಹೆಚ್ಚು ಜನರಿಗೆ. ನಮ್ಮ ನೆರೆಯ ಕೇರಳ 2014ರಲ್ಲೇ ರಾಜ್ಯಮಟ್ಟದ ಕಾರ್ಯಕ್ರಮ ಶುರು ಮಾಡಿತು. ಉಳಿದಂತೆ ನಮ್ಮಲ್ಲಿ ಈ ಕೆಲಸ ಸೊಸೆಯದು, ಇಲ್ಲವೇ ಮದುವೆಯಾಗದೆ ಉಳಿದ ಮಗಳದು. 2019ರಲ್ಲಿ ಡಿಮೆನ್ಷಿಯಾಕ್ಕಾಗಿ ಜಗತ್ತು ಮಾಡಿದ ಖರ್ಚು 1.3 ಲಕ್ಷ ಕೋಟಿ ಡಾಲರ್, ಅದರಲ್ಲಿ ಸುಮಾರು ಅರ್ಧ ಮನೆಯವರ ಸಂಬಳವಿಲ್ಲದ ದುಡಿಮೆಯ ಬೆಲೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಕ್ಲಿನಿಕ್ ತೆರೆದ ಜಿಲ್ಲೆಯಲ್ಲೇ ಒಂದು ಹಗಲು ಆರೈಕೆ ಕೇಂದ್ರವನ್ನೂ ತೆರೆದರೆ ಆ ಸೊಸೆ ವಾರಕ್ಕೆ ಎರಡು ದಿನವಾದರೂ ಕೂಲಿಗೋ ಕಚೇರಿಗೋ ಹೋದಾಳು.