ದಡದಲ್ಲಿ ನಿಂತು ಡಿಂಗಿ ರೇಸ್ ನೋಡುವುದು ಹೇಗೆ

ಡಿಂಗಿ ಅಂದರೆ ಪುಟ್ಟ ಹಾಯಿದೋಣಿ. ಸೈಲಿಂಗ್ ಕ್ಲಬ್ಬಿನ ಓಪನ್ ಡೇಗೆ, ಅಂದರೆ ಎಲ್ಲರಿಗೂ ಬಾಗಿಲು ತೆರೆದಿರುವ ದಿನಕ್ಕೆ, ಹೋದವರು ಮೊದಲು ಕೇಳುವ ಪ್ರಶ್ನೆ ಒಂದೇ: "ಈಗ ಯಾರು ಮುಂದಿದ್ದಾರೆ?" ಇಂಗ್ಲೆಂಡಿನ ಒಂದು ಜಲಾಶಯದ ದಡದಲ್ಲಿ ನಿಂತು ನಾನೂ ಇದನ್ನೇ ಕೇಳಿದ್ದೆ. ಒಂದು ದೋಣಿ ಎಡಕ್ಕೆ ಹೋಗುತ್ತಿತ್ತು, ಇನ್ನೊಂದು ಬಲಕ್ಕೆ. ಗುರಿ ಮಾತ್ರ ಎರಡಕ್ಕೂ ಅದೇ ಕಿತ್ತಳೆ ಬೋಯಾ, ಅಂದರೆ ನೀರಲ್ಲಿ ತೇಲುವ ಗುರುತು. ಆಮೇಲೆ ಕಲಿಯುತ್ತಾ ಹೋದಾಗ ಗೊತ್ತಾಯಿತು, ಇಡೀ ಆಟ ಒಂದೇ ಸಂಗತಿಯ ಮೇಲೆ ನಿಂತಿದೆ: ಹಾಯಿದೋಣಿ ಗಾಳಿಗೆ ನೇರ ಎದುರಾಗಿ ಹೋಗಲಾರದು.

ಗಾಳಿ ಬರುವ ದಿಕ್ಕಿನಿಂದ ಎಡಕ್ಕೂ ಬಲಕ್ಕೂ ಸುಮಾರು 45 ಡಿಗ್ರಿಯಷ್ಟು ಜಾಗ ದೋಣಿಗೆ ನಿಷಿದ್ಧ. ಅದರೊಳಗೆ ಮೂತಿ ತೂರಿಸಿದರೆ ಹಾಯಿ ಪಟಪಟ ಹೊಡೆದುಕೊಳ್ಳುತ್ತದೆ, ದೋಣಿ ನಿಲ್ಲುತ್ತದೆ. ಅದಕ್ಕೇ ಆಗುಂಬೆ ಘಾಟಿ ಹತ್ತುವ ಬಸ್ಸಿನ ಹಾಗೆ ತಿರುವು ತಿರುವಾಗಿ ಮೇಲೇರಬೇಕು. ಈ ತಿರುವಿಗೆ ಟ್ಯಾಕ್ ಅಂತಾರೆ.

ಹಾಗಾದರೆ 45 ಡಿಗ್ರಿಯಲ್ಲಾದರೂ ಎದುರುಗಾಳಿಗೆ ದೋಣಿ ಹೇಗೆ ಮುಂದೆ ಹೋಗುತ್ತದೆ? ನನಗೆ ಇದು ಅರ್ಥವಾಗಿದ್ದು ಹಲಸಿನ ಬೀಜದಿಂದ. ಒದ್ದೆ ಬೀಜವನ್ನು ಎರಡು ಬೆರಳ ಮಧ್ಯೆ ಹಿಚುಕಿ ನೋಡಿ, ಮುಂದಕ್ಕೆ ಚಿಮ್ಮುತ್ತದೆ ಅಲ್ವಾ? ಇಲ್ಲಿ ಒಂದು ಬೆರಳು ಹಾಯಿಯನ್ನು ಪಕ್ಕಕ್ಕೆ ತಳ್ಳುವ ಗಾಳಿ. ಇನ್ನೊಂದು, ದೋಣಿಯ ತಳದಿಂದ ನೀರಿನೊಳಗೆ ಇಳಿಬಿಟ್ಟ ಹಲಗೆ, ಅಂದರೆ ಸೆಂಟರ್‌ಬೋರ್ಡ್. ದೋಣಿ ಪಕ್ಕಕ್ಕೆ ಜಾರದಂತೆ ಅದು ತಡೆಯುತ್ತದೆ. ಎರಡರ ನಡುವೆ ಸಿಕ್ಕ ದೋಣಿ ಮುಂದಕ್ಕೆ ಜಾರುತ್ತದೆ. ಸೆಂಟರ್‌ಬೋರ್ಡ್ ಮೇಲೆತ್ತಿ ಇದೇ ಪ್ರಯತ್ನ ಮಾಡಿದರೆ ಸುಮ್ನೆ ಅಡ್ಡಡ್ಡ ತೇಲಿ ಹೋಗುತ್ತೀರಿ.

ಈಗ ಯಾರು ಮುಂದೆ ಅನ್ನುವ ಪ್ರಶ್ನೆಗೆ ಬರೋಣ. ನೀರಿನ ಮೇಲೆ ಒಂದು ದೊಡ್ಡ ಏಣಿ ಮಲಗಿದೆ ಅಂದುಕೊಳ್ಳಿ. ಅದರ ತಲೆ ಗಾಳಿ ಬರುವ ಕಡೆಗಿದೆ, ಮೆಟ್ಟಿಲುಗಳು ಗಾಳಿಗೆ ಅಡ್ಡಲಾಗಿವೆ. ಒಂದೇ ಮೆಟ್ಟಿಲ ಮೇಲಿರುವ ಎರಡು ದೋಣಿಗಳು ನೂರು ಮೀಟರ್ ದೂರವಿದ್ದರೂ ಸರಿಸಮ. ಮೇಲಿನ ಮೆಟ್ಟಿಲಲ್ಲಿ ಇರುವುದೇ ಮುಂದಿರುವುದು. ಮಜಾ ಇರುವುದು ಗಾಳಿ ತಿರುಗಿದಾಗ. ಗಾಳಿ 10 ಡಿಗ್ರಿ ವಾಲಿದರೆ ಏಣಿಯೂ ಅಷ್ಟೇ ವಾಲುತ್ತದೆ. ಗಾಳಿ ಈಗ ಯಾವ ಕಡೆಯಿಂದ ಬರುತ್ತಿದೆಯೋ ಆ ಕಡೆ ಇದ್ದ ದೋಣಿ ಏನೂ ಮಾಡದೆ ಒಂದೆರಡು ಮೆಟ್ಟಿಲು ಮೇಲೇರಿಬಿಡುತ್ತದೆ. ಮರ, ಗುಡ್ಡ, ಕಟ್ಟಡ ಸುತ್ತ ಇರುವ ಒಳನಾಡಿನ ಕೆರೆಗಳಲ್ಲಿ ಇದು ಜಾಸ್ತಿ. ಗಾಳಿ ಬಂದಾಗ ತೂರಿಕೋ ಅಂತಾರೆ. ಇಲ್ಲಿ ಗಾಳಿ ಬರುವ ಮೊದಲೇ ಅದನ್ನು ಕಾಣಬೇಕು. ನೀರಿನ ಮೇಲೆ ಕಪ್ಪಗೆ ಓಡಿ ಬರುವ ಸಣ್ಣ ಅಲೆಗಳ ಪಟ್ಟೆಯೇ ಅದರ ಗುರುತು. ಒಳ್ಳೆಯ ಸೈಲರ್ ತನ್ನ ಹಾಯಿಗಿಂತ ಜಾಸ್ತಿ ಅದನ್ನೇ ನೋಡುತ್ತಿರುತ್ತಾನೆ.

ಸ್ಟಾರ್ಟ್ ನೋಡುವುದನ್ನು ತಪ್ಪಿಸಬೇಡಿ. ಸಾಮಾನ್ಯವಾಗಿ ಹೊರಡುವ ಗೆರೆಯನ್ನು ಗಾಳಿಗೆ ಅಡ್ಡಲಾಗಿ ಹಾಕುತ್ತಾರೆ. 5 ನಿಮಿಷ ಇರುವಾಗ ಮೊದಲ ಬಾವುಟ ಏರುತ್ತದೆ, 4 ನಿಮಿಷಕ್ಕೆ ಎರಡನೆಯದು. 1 ನಿಮಿಷ ಇರುವಾಗ ಎರಡನೆಯದು ಇಳಿಯುತ್ತದೆ, ಸೊನ್ನೆಗೆ ಮೊದಲನೆಯದೂ ಇಳಿಯುತ್ತದೆ. ಪ್ರತಿ ಸಲವೂ ಒಂದು ಹಾರ್ನ್. ದೋಣಿಗೆ ಬ್ರೇಕ್ ಇಲ್ಲ ಅನ್ನುವುದು ನೆನಪಿರಲಿ. ಗೆರೆಯ ಹಿಂದೆಯೇ ಸುತ್ತಾಡುತ್ತಾ, ಸರಿಯಾಗಿ ಸೊನ್ನೆಗೆ ಪೂರ್ತಿ ವೇಗದಲ್ಲಿ ದಾಟಬೇಕು. ಒಂದು ಸೆಕೆಂಡ್ ಮೊದಲು ದಾಟಿದವರು ವಾಪಸ್ ಬಂದು ಮತ್ತೆ ಹೊರಡಬೇಕು.

ನಿಯಮಗಳ ಪುಸ್ತಕ ದೊಡ್ಡದು. ದಡದಲ್ಲಿ ನಿಂತವರಿಗೆ ಎರಡು ಸಾಕು. "ಸ್ಟಾರ್‌ಬೋರ್ಡ್!" ಅನ್ನುವ ಕೂಗು ಕೇಳಿದರೆ, ಆ ದೋಣಿಗೆ ಗಾಳಿ ಬಲಬದಿಯಿಂದ ಬರುತ್ತಿದೆ ಅಂತ ಅರ್ಥ. ಎಡಬದಿಯಿಂದ ಗಾಳಿ ಪಡೆಯುತ್ತಿರುವ ದೋಣಿ ಅದಕ್ಕೆ ದಾರಿ ಬಿಡಬೇಕು. ಇಬ್ಬರಿಗೂ ಒಂದೇ ಬದಿಯಿಂದ ಗಾಳಿ ಇದ್ದು, ದೋಣಿಗಳು ಅಕ್ಕಪಕ್ಕ ಬಂದರೆ, ಗಾಳಿಯ ಕಡೆ ಇರುವವನು ದೂರ ಸರಿಯಬೇಕು. ತಪ್ಪು ಮಾಡಿದವನು ಸಾಮಾನ್ಯವಾಗಿ ತಾನೇ ಎರಡು ಸುತ್ತು ಗಿರಗಿರ ತಿರುಗಿ ಮುಂದೆ ಹೋಗುತ್ತಾನೆ. ನೀರಿನ ಮೇಲೆ ರೆಫರಿ ಇಲ್ಲದೆಯೂ ಇದು ನಡೆಯುತ್ತದೆ. ಈ ಆಟದಲ್ಲಿ ನನಗೆ ತುಂಬಾ ಇಷ್ಟವಾದದ್ದು ಇದೇ.

ಓಪನ್ ಡೇ ರೇಸಿನಲ್ಲಿ ಬಗೆಬಗೆಯ ದೋಣಿಗಳು ಒಟ್ಟಿಗೆ ಇಳಿಯುತ್ತವೆ. 2.3 ಮೀಟರ್ ಉದ್ದದ ಆಪ್ಟಿಮಿಸ್ಟ್‌ನಲ್ಲಿ ಮಕ್ಕಳು ಇರುತ್ತಾರೆ. 4.2 ಮೀಟರ್ ಉದ್ದದ ಲೇಸರ್‌ನಲ್ಲಿ ದೊಡ್ಡವರು. ಲೇಸರ್‌ಗೆ ಈಗ ಐಎಲ್‌ಸಿಎ ಅಂತ ಹೆಸರು. ಒಡಲು ಒಂದೇ, ಹಾಯಿ ಮಾತ್ರ ಮೂರು ಅಳತೆಯದು. ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ನಮ್ಮ ನೇಹಾ ಠಾಕೂರ್ ಬೆಳ್ಳಿ ಗೆದ್ದಿದ್ದು ಚಿಕ್ಕ ಹಾಯಿಯ ಐಎಲ್‌ಸಿಎ 4ರಲ್ಲಿ, ವಿಷ್ಣು ಸರವಣನ್ ಕಂಚು ಗೆದ್ದಿದ್ದು ದೊಡ್ಡ ಹಾಯಿಯ ಐಎಲ್‌ಸಿಎ 7ರಲ್ಲಿ.

ಇಷ್ಟು ಬೇರೆ ಬೇರೆ ದೋಣಿಗಳನ್ನು ಹೋಲಿಸಲು ಬ್ರಿಟನ್ನಿನಲ್ಲಿ ಪೋರ್ಟ್ಸ್‌ಮತ್ ನಂಬರ್ ಬಳಸುತ್ತಾರೆ. ವೇಗದ ದೋಣಿಗೆ ಚಿಕ್ಕ ಸಂಖ್ಯೆ, ನಿಧಾನದ್ದಕ್ಕೆ ದೊಡ್ಡದು. ತೆಗೆದುಕೊಂಡ ಸಮಯವನ್ನು 1000ದಿಂದ ಗುಣಿಸಿ ಆ ಸಂಖ್ಯೆಯಿಂದ ಭಾಗಿಸಬೇಕು. ಲೆಕ್ಕ ಮಾಡಿ ನೋಡೋಣ. ಐಎಲ್‌ಸಿಎ 7ಕ್ಕೆ 1100, ಆಪ್ಟಿಮಿಸ್ಟ್‌ಗೆ 1640 ಅಂತ ಇಟ್ಟುಕೊಳ್ಳಿ. ಐಎಲ್‌ಸಿಎ 41 ನಿಮಿಷದಲ್ಲಿ ಮುಗಿಸಿದರೆ 2460 ಸೆಕೆಂಡ್, ಲೆಕ್ಕದ ನಂತರ 2236. ಆಪ್ಟಿಮಿಸ್ಟ್ ಅಷ್ಟೇ ಸುತ್ತುಗಳನ್ನು 60 ನಿಮಿಷದಲ್ಲಿ ಮುಗಿಸಿದರೆ 3600 ಸೆಕೆಂಡ್, ಲೆಕ್ಕದ ನಂತರ 2195. ಹತ್ತೊಂಬತ್ತು ನಿಮಿಷ ತಡವಾಗಿ ಬಂದ ಮಗು 41 ಸೆಕೆಂಡಿನಿಂದ ಗೆದ್ದಿದೆ!

ಹಾಗಾಗಿ ಮೊದಲ ದೋಣಿಗೆ ಹಾರ್ನ್ ಊದಿದ ತಕ್ಷಣ ಚಹಾಕ್ಕೆ ಹೊರಡಬೇಡಿ. ಕೊನೆಯ ಪುಟ್ಟ ಹಾಯಿ ಗೆರೆ ದಾಟುವವರೆಗೂ ದಡದಲ್ಲೇ ಇರಿ.