ಆರಿದ್ರಾ ಮಳೆಗೆ ಮೊದಲೇ ಭರಣಿ ಸೇರಬೇಕಾದ ರೋಸ್‌ಮರಿ

ಶಿರಸಿಯ ಮನೆಯಂಗಳದ ಕುಂಡಗಳಲ್ಲಿ ಈಗ ತುಳಸಿಯ ಪಕ್ಕದಲ್ಲಿ ರೋಸ್‌ಮರಿಯೂ ಕಾಣಿಸುತ್ತದೆ. ಎರಡೂ ಒಂದೇ ಸಸ್ಯಕುಟುಂಬದವು. ಆದರೆ ಮೆಡಿಟರೇನಿಯನ್ ಸೀಮೆಯ ಒಣ ಬೇಸಿಗೆಯಲ್ಲಿ ಬೆಳೆದುಬಂದ ರೋಸ್‌ಮರಿಗೆ ನಮ್ಮ ಮಳೆಗಾಲ ಒಗ್ಗುವುದಿಲ್ಲ. ಜಗಲಿಯ ಸೂರಿನಡಿಗೆ ಎಳೆದಿಟ್ಟರೆ ಗಿಡ ಉಳಿದೀತು, ಆಗ ಕೊಯ್ದ ಸೊಪ್ಪು ಮಾತ್ರ ಒಣಗದು. ಹಾಗಾಗಿ ಕೊಯ್ಲನ್ನು ಶಿವರಾತ್ರಿಯಿಂದ ಏಪ್ರಿಲ್‌ವರೆಗಿನ ಒಣ ದಿನಗಳಲ್ಲಿಯೇ, ಇಬ್ಬನಿ ಆರಿದ ಮೇಲೆ, ಗಿಡದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸದೆ ಮುಗಿಸಿಕೊಳ್ಳಬೇಕು.

ಆಹಾರ ಸಂರಕ್ಷಣೆಯ ತರಬೇತಿಗೆ ಬರುವವರು ತಪ್ಪದೆ ಕೇಳುವ ಪ್ರಶ್ನೆ, "ಬಚ್ಚಲೊಲೆಯ ಮೇಲಿನ ಅಟ್ಟದಲ್ಲಿ ಇಟ್ಟರೆ ಆಗದೇ ಮೇಡಂ?" ಎಂಬುದು. ಆಗದು, ಎಲೆ ಹೊಗೆಯ ವಾಸನೆಯನ್ನು ಹೀರಿಕೊಳ್ಳುತ್ತದೆ. ಅಡಿಕೆ ಡ್ರೈಯರ್ ಕೂಡ ಬೇಡ. ರೋಸ್‌ಮರಿಯ ಪರಿಮಳವೆಲ್ಲ ಸಿನಿಯೋಲ್, ಕರ್ಪೂರದಂತಹ ಹಾರಿಹೋಗುವ ತೈಲಾಂಶಗಳದ್ದಾದ್ದರಿಂದ, ಶಾಖ 40 ಡಿಗ್ರಿ ಸೆಲ್ಸಿಯಸ್ ದಾಟದಿರುವುದು ಒಳ್ಳೆಯದು. ಗೆರಸಿಯಲ್ಲಿ ತೆಳ್ಳಗೆ ಹರಡಿ, ಗಾಳಿಯಾಡುವ ನೆರಳಿನಲ್ಲಿ ವಾರ-ಹತ್ತು ದಿನ ಇಟ್ಟರೆ ಸಾಕು.

ಒಣಗಿತೆಂದು ತೀರ್ಮಾನಿಸುವಲ್ಲಿ ನಾನೂ ಒಮ್ಮೆ ಮೋಸಹೋಗಿದ್ದೇನೆ. ಎಲೆ ಗರಿಗರಿಯಾಗಿತ್ತು, ಕಡ್ಡಿಯ ಬುಡ ಮಾತ್ರ ಇನ್ನೂ ಬಾಗುತ್ತಿತ್ತು. ಅವಸರದಲ್ಲಿ ಕಡ್ಡಿಸಮೇತ ಭರಣಿಗೆ ತುಂಬಿದೆ. ಮೂರನೇ ವಾರಕ್ಕೆ ಮುಚ್ಚಳ ತೆಗೆದಾಗ ಎಲೆಗಳ ಸಂದಿಯಲ್ಲಿ ಬೂದು ಬಣ್ಣದ ಬೂಸ್ಟು ಹಿಡಿದಿತ್ತು. ಕಡ್ಡಿ 'ಟಕ್' ಎಂದು ಮುರಿಯಬೇಕು, ಆಮೇಲೆ ಎಲೆಯನ್ನಷ್ಟೇ ಬಿಡಿಸಿ ಗಾಜಿನ ಭರಣಿಗೆ ಹಾಕಿ, ಎರಡು ದಿನ ಒಳಗೋಡೆಯನ್ನು ಗಮನಿಸಬೇಕು. ಬೆವರಿನಂತೆ ತೇವ ಕಂಡರೆ ಮತ್ತೆ ಗೆರಸಿಗೇ ಸುರಿಯುವುದು. ಎಲೆಯನ್ನು ಇಡಿಯಾಗಿಯೇ ಇಟ್ಟು ಬೇಕಾದಾಗ ಪುಡಿಮಾಡಿಕೊಂಡರೆ ವರ್ಷದವರೆಗೂ ಪರಿಮಳ ಉಳಿಯುತ್ತದೆ. ಫ್ರೀಜರಿನಲ್ಲಿಯೂ ಚೆನ್ನಾಗಿಯೇ ಇರುತ್ತದೆ, ಆದರೆ ಮಳೆಗಾಲದ ನಮ್ಮ ಕರೆಂಟನ್ನು ನಂಬಿ ಆ ಸಲಹೆ ಕೊಡಲು ನನಗೆ ಧೈರ್ಯವಿಲ್ಲ. ಸಾಣಿಕಟ್ಟೆಯ ಹರಳುಪ್ಪನ್ನು ಬಾಣಲೆಯಲ್ಲಿ ಹುರಿದು, ಪೂರ್ತಿ ಆರಿದ ಮೇಲೆ ಒಣ ಎಲೆಯೊಂದಿಗೆ ಕುಟ್ಟಿಡುವುದು ಅದಕ್ಕಿಂತ ಭರವಸೆಯ ದಾರಿ.

ಎಣ್ಣೆಯ ವಿಷಯದಲ್ಲಿ ಮಾತ್ರ ನಾನು ಖಡಾಖಂಡಿತ. ಹಸಿ ಎಲೆಯನ್ನು ಅಡುಗೆ ಎಣ್ಣೆಯಲ್ಲಿ ಮುಳುಗಿಸಿ ಕಪಾಟಿನಲ್ಲಿ ಇಡಲೇಬಾರದು. ಮಣ್ಣಿನಿಂದ ಎಲೆಗೆ ಅಂಟಿಬರುವ ಬೊಟುಲಿಸಂ ಬ್ಯಾಕ್ಟೀರಿಯಾದ ಬೀಜಕಣಗಳು ಎಣ್ಣೆಯೊಳಗೆ, ಗಾಳಿಯಿಲ್ಲದ, ಹುಳಿಯಿಲ್ಲದ ತೇವದಲ್ಲಿ ಬೆಳೆದು ವಿಷ ಉಂಟುಮಾಡಬಲ್ಲವು. ವಾಸನೆಯಿಂದಾಗಲಿ ರುಚಿಯಿಂದಾಗಲಿ ಅದು ಗೊತ್ತಾಗುವುದಿಲ್ಲ, ಸಾಮಾನ್ಯ ಕುದಿಯುವಿಕೆಗೆ ಆ ಬೀಜಕಣಗಳು ಸಾಯುವುದೂ ಇಲ್ಲ. ಹಸಿ ಎಲೆಯ ಎಣ್ಣೆ ಬೇಕೇಬೇಕೆಂದರೆ ಸ್ವಲ್ಪವೇ ಮಾಡಿ, ಫ್ರಿಜ್ಜಿನಲ್ಲಿಟ್ಟು, ನಾಲ್ಕು ದಿನದೊಳಗೆ ಮುಗಿಸಬೇಕು. ತಲೆಗೆ ಹಚ್ಚುವ ತೆಂಗಿನೆಣ್ಣೆಗೂ ಒಣ ಎಲೆಯನ್ನೇ ಬಳಸಿ. ಹಸಿ ಎಲೆಯ ನೀರಿಳಿದ ಎಣ್ಣೆ ಬೇಗ ಕೆಡುತ್ತದೆ.

ಅಡುಗೆಯಲ್ಲಿ ಕೈ ಹಿಡಿತದಲ್ಲಿರಬೇಕು. ಹಸಿ ಎಲೆ ಮೂರು ಚಮಚ ಬೀಳುವಲ್ಲಿ ಒಣಗಿದ್ದು ಒಂದು ಚಮಚ ಸಾಕು, ಹೆಚ್ಚಾದರೆ ಪಲ್ಯ ಕರ್ಪೂರದಂತೆ ಮೂಗಿಗೆ ಬಡಿಯುತ್ತದೆ. ತಂಬುಳಿಗೆ ಇದನ್ನು ಹಾಕುವವರೂ ಇದ್ದಾರೆ. ಒಂದೆಲಗ ಇರುವ ಊರಿನಲ್ಲಿ ಅದರ ಅಗತ್ಯ ನನಗಂತೂ ಕಂಡಿಲ್ಲ. ಹುರಿದ ಬಟಾಟೆಗೆ ಇದು ಹೇಳಿ ಮಾಡಿಸಿದಂತಿದೆ. ಕಾರವಾರದ ಕಡೆ ಬಂಗಡೆ ಹುರಿಯುವವರು ಕಾದ ಎಣ್ಣೆಗೆ ಒಂದು ಒಣ ಕಡ್ಡಿ ಹಾಕಿ, ಅದು ಕಪ್ಪಾಗುವ ಮೊದಲೇ ತೆಗೆದು, ಆಮೇಲೆ ಮೀನು ಬಿಟ್ಟು ನೋಡಬಹುದು.